ಗೂಬೆ ಹೆಸರು ಹಿಡಿದು ಕರೆಯುವ ಊರು

ರಾತ್ರಿ ಮನೆ ಹತ್ತಿರ ಗೂಬೆ ಕೂಗಿದರೆ ನಮ್ಮ ಹಿರಿಯರು ಎದ್ದು ಬಂದು ಅದನ್ನು ಬೈದು ಓಡಿಸುತ್ತಿದ್ದರು. ಮನೆಗೆ ಕೇಡು ಎಂಬ ಅಂಜಿಕೆ. ಆದರೂ ನಮ್ಮ ಗೂಬೆಗೆ ಯಾರ ಹೆಸರೂ ಗೊತ್ತಿಲ್ಲ. ಅದು ಸೂರಿನ ಮೇಲೆ ಕೂತು ಕೂಗುತ್ತದೆ, ಒಳಗಿರುವವರೆಲ್ಲ ಹೆದರುತ್ತಾರೆ, ಅಷ್ಟೇ. ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕ್‌ವಕ್ಯವಕ್ ಜನರ ನಂಬಿಕೆಯಲ್ಲಿ ಗೂಬೆ ಇಷ್ಟಕ್ಕೆ ಬಿಡುವುದಿಲ್ಲ. ಸಾಯಲಿರುವವನ ಹೆಸರು ಹಿಡಿದೇ ಕರೆಯುತ್ತದೆ. ಕೇಳಿಸಿಕೊಂಡವನಿಗೆ ತನ್ನ ಸರದಿ ಬಂತೆಂದು ಗೊತ್ತಾಗುತ್ತದೆ.

ಆ ನಂಬಿಕೆಯನ್ನೇ ತಲೆಬರಹ ಮಾಡಿಕೊಂಡ ಕಾದಂಬರಿ ಮಾರ್ಗರೆಟ್ ಕ್ರೇವನ್ ಅವರ ‘ಐ ಹರ್ಡ್ ದಿ ಔಲ್ ಕಾಲ್ ಮೈ ನೇಮ್’. 1967ರಲ್ಲಿ ಕೆನಡಾದಲ್ಲಿ ಅಚ್ಚಾಯಿತು. ಅಮೆರಿಕದ ಓದುಗರ ಕೈಗೆ ಬರಲು 1973ರವರೆಗೆ ಕಾಯಬೇಕಾಯಿತು. ಬಂದ ಮೇಲೆ ಮಾತ್ರ ಅಲ್ಲಿನ ಮಾರಾಟದ ಪಟ್ಟಿಗಳ ತುದಿಗೇರಿತು, ಟಿ.ವಿ. ಚಿತ್ರವಾಯಿತು, ಎರಡೂ ದೇಶಗಳ ಶಾಲೆಗಳಲ್ಲಿ ಪಠ್ಯವಾಯಿತು. ಪುಸ್ತಕ ತೆಳ್ಳಗಿದೆ, ಭಾಷೆ ಸರಳವಾಗಿದೆ, ಒಂದು ಮಳೆಗಾಲದ ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ತೊಡಕಿರುವುದು ಬೇರೆ ಕಡೆ. ಒಬ್ಬ ಪಾದ್ರಿ ಕಾಡಿನಂಚಿನ ಹಳ್ಳಿಗೆ ಹೋಗಿ ಅಲ್ಲಿನವರ ಪ್ರೀತಿ ಗಳಿಸಿದ ಕತೆ ಎಂದಷ್ಟೇ ಓದಿದರೆ ಅದು ಕಣ್ಣೀರು ತರಿಸುವ ಒಳ್ಳೆಯ ಕತೆ. ಆ ಹಳ್ಳಿಗೂ ಆ ಪಾದ್ರಿಯ ಸಭೆಗೂ, ಅಂದರೆ ಚರ್ಚಿಗೂ, ನಡುವೆ ಅದಕ್ಕೆ ಮುಂಚಿನ ಎಂಬತ್ತು ವರ್ಷಗಳಲ್ಲಿ ಏನೇನು ನಡೆದಿತ್ತು ಎಂದು ತಿಳಿದುಕೊಂಡು ಓದಿದರೆ ಅದೇ ಪುಟಗಳು ಬೇರೆಯೇ ಆಗುತ್ತವೆ.

ಮೊದಲು ಕತೆ. ಆರಂಭದಲ್ಲೇ ವೈದ್ಯನೊಬ್ಬ ಬಿಷಪ್‌ಗೆ ಗುಟ್ಟು ಹೇಳುತ್ತಾನೆ. ನಿಮ್ಮ ಕೈಕೆಳಗಿನ ಆ ಹುಡುಗ ಮೂರು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ, ಓಡಾಡಿಕೊಂಡಿರುವುದು ಎರಡು ವರ್ಷವೂ ಕಷ್ಟ, ಇದು ಅವನಿಗೆ ಗೊತ್ತಿಲ್ಲ ಎಂದು. ಹುಡುಗನ ಹೆಸರು ಮಾರ್ಕ್ ಬ್ರಯನ್, ವಯಸ್ಸು ಇಪ್ಪತ್ತೇಳು, ಆಂಗ್ಲಿಕನ್ ಸಭೆಯ ಹೊಸ ಪಾದ್ರಿ. (ನಮ್ಮಲ್ಲಿ 1947ರಲ್ಲಿ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಆದಾಗ ಅದರೊಳಗೆ ಸೇರಿದ ಸಭೆಗಳಲ್ಲಿ ಈ ಆಂಗ್ಲಿಕನ್ ಪರಂಪರೆಯೂ ಒಂದು.) ಬಿಷಪ್ ಅವನಿಗೆ ವಿಷಯ ಹೇಳುವುದಿಲ್ಲ. ಹೇಳಿದರೆ ಹುಡುಗ ಮೈಮೇಲೆ ಹಾಕಿಕೊಂಡು ದುಡಿದಾನು ಎಂಬ ಯೋಚನೆ. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟೆಲ್ಲ ಕಲಿಯಬೇಕಾದರೆ ಬೇರೆ ದಾರಿಯಿಲ್ಲ ಎಂದುಕೊಂಡು, ತನ್ನ ಕೈಲಿರುವುದರಲ್ಲೇ ಅತಿ ಕಷ್ಟದ ಊರಿಗೆ, ಕಿಂಗ್‌ಕಮ್‌ಗೆ, ಅವನನ್ನು ಕಳಿಸುತ್ತಾನೆ.

ಗಮನಿಸಿ, ಹೋಗುವವನು ಕಲಿಸಲು ಹೋಗುತ್ತಿಲ್ಲ, ಕಲಿಯಲು ಹೋಗುತ್ತಿದ್ದಾನೆ. ಮೊದಲ ಪುಟದಲ್ಲೇ ಲೇಖಕಿ ಸಾಮಾನ್ಯ ಮಿಷನರಿ ಕತೆಯನ್ನು ತಲೆಕೆಳಗು ಮಾಡಿಬಿಡುತ್ತಾರೆ. ಇಡೀ ಪುಸ್ತಕದಲ್ಲಿ ಯಾರನ್ನೂ ಮತಾಂತರ ಮಾಡುವ ದೃಶ್ಯವಿಲ್ಲ. ಊರಿನವರು ಆಗಲೇ ಕ್ರೈಸ್ತರು, ಜೊತೆಗೆ ತಮ್ಮ ಹಳೆಯದನ್ನೂ ಬಿಟ್ಟಿಲ್ಲದವರು. ನಿನಗೆ ಏನೂ ತಿಳಿಯದು, ಅವರೇ ನಿನಗೆ ಕಲಿಸಬೇಕು, ಮರುಕಪಡುವುದಾದರೆ ಅವರ ಮೇಲೆ ಪಡು ಎಂದು ಹಿರಿಯ ಪಾದ್ರಿಯೊಬ್ಬರು ಹೊರಡುವ ಮುಂಚೆಯೇ ಅವನ ಕಿವಿ ಹಿಂಡಿರುತ್ತಾರೆ.

ಕಿಂಗ್‌ಕಮ್ ಕಲ್ಪಿತ ಊರಲ್ಲ. ಬ್ರಿಟಿಷ್ ಕೊಲಂಬಿಯಾದ ತೀರದಲ್ಲಿ ಕಡಲು ಹಿಮಬೆಟ್ಟಗಳ ನಡುವೆ ಬೆರಳಿನಂತೆ ಒಳಗೆ ಚಾಚಿಕೊಂಡ ಕೊಲ್ಲಿಗಳು ಬಹಳ. ಅಂಥದೊಂದು ಕೊಲ್ಲಿಯ ತುದಿಗೆ ಕಿಂಗ್‌ಕಮ್ ನದಿ ಬಂದು ಸೇರುತ್ತದೆ. ನದಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಊರು ಸಿಗುತ್ತದೆ. ಅಲ್ಲಿಯವರು ಅದನ್ನು ಗ್ವಾಯಿ ಎನ್ನುತ್ತಾರೆ. ರಸ್ತೆ ಇಲ್ಲ. ದೋಣಿ, ನೀರಿನ ಮೇಲಿಳಿಯುವ ವಿಮಾನ ಇಲ್ಲವೇ ಹೆಲಿಕಾಪ್ಟರ್. ಕ್ವಾಕ್‌ವಕ್ಯವಕ್ ಎನ್ನುವುದು ಕ್ವಾಕ್‌ವಾಲ ಭಾಷೆಯಾಡುವ ಹಲವು ಬುಡಕಟ್ಟುಗಳ ಒಟ್ಟು ಹೆಸರು, ಅದರ ಅರ್ಥವೇ ಕ್ವಾಕ್‌ವಾಲ ಮಾತಾಡುವವರು ಎಂದು. ಅವರಲ್ಲಿ ಕಿಂಗ್‌ಕಮ್‌ನವರು ಜಾವಡೇನುಖ್ ಎಂಬ ಬುಡಕಟ್ಟು. ಕ್ರೇವನ್ ಅಮೆರಿಕದವರು, ಪತ್ರಿಕೆಗಳಿಗೆ ಬರೆದು ಬದುಕಿದವರು, ಕಣ್ಣಿನ ತೊಂದರೆಯಿಂದ ವರ್ಷಗಟ್ಟಲೆ ಬಳಲಿದವರು. 1962ರಲ್ಲಿ ಈ ಊರಿಗೆ ಹೋಗಿ ಸ್ವಲ್ಪ ಕಾಲ ಇದ್ದು ಬಂದರು. ಮೊದಲ ಕಾದಂಬರಿ ಅಚ್ಚಾದಾಗ ಅವರಿಗೆ ಅರವತ್ತಾರು ವರ್ಷ. ಆ ವಯಸ್ಸಿನ ಮಾಗುವಿಕೆ ಪುಸ್ತಕದ ಪ್ರತಿ ವಾಕ್ಯದಲ್ಲೂ ಕಾಣುತ್ತದೆ. ಎಲ್ಲಿಯೂ ಕೂಗಾಟವಿಲ್ಲ.

ಮಾರ್ಕ್ ಊರಿಗೆ ಕಾಲಿಡುವ ಹೊತ್ತಿಗೆ ಒಬ್ಬ ಪುಟ್ಟ ಹುಡುಗ ನೀರಿನಲ್ಲಿ ಮುಳುಗಿ ಸತ್ತಿರುತ್ತಾನೆ. ಹೂಳಲು ಪೊಲೀಸರ ಅನುಮತಿ ಬೇಕು, ಪೊಲೀಸಿನವನು ದೋಣಿಯಲ್ಲಿ ಬರಬೇಕು. ಊರಿಗೆ ಊರೇ ದಿನಗಟ್ಟಲೆ ಶವ ಇಟ್ಟುಕೊಂಡು ಕಾಯುತ್ತಿದೆ. ಕಾದಂಬರಿಯ ಅತಿ ಬಿಗಿಯಾದ ಭಾಗಗಳಲ್ಲಿ ಇದೊಂದು. ದುಃಖಕ್ಕೂ ಸರ್ಕಾರದ ಕಾಗದ ಬೇಕಾದ ಸ್ಥಿತಿಯನ್ನು ಲೇಖಕಿ ಒಂದೇ ಒಂದು ಟೀಕೆಯ ಮಾತಿಲ್ಲದೆ ಕಾಣಿಸುತ್ತಾರೆ. ಕೊನೆಗೆ ಮಣ್ಣು ಮಾಡುವಾಗ ಮಾರ್ಕ್ ತನ್ನ ಪ್ರಾರ್ಥನೆ ಮುಗಿಸುತ್ತಾನೆ. ಆಮೇಲೆ ಊರಿನ ಹಿರಿಯರೊಬ್ಬರು ತಮ್ಮ ಭಾಷೆಯಲ್ಲಿ ಮಾತಾಡತೊಡಗುತ್ತಾರೆ. ಇದು ತನ್ನದಲ್ಲ ಎಂದು ಅರಿತು ಪಾದ್ರಿ ಪಕ್ಕಕ್ಕೆ ಸರಿಯುತ್ತಾನೆ. ಅವನು ಊರಿನಲ್ಲಿ ಮಾಡಿದ ಮೊದಲ ಸರಿಯಾದ ಕೆಲಸ ಅದು.

ಇನ್ನು ಪಾಟ್ಲಾಚ್. ಇದನ್ನು ಬಿಟ್ಟು ಈ ಕಾದಂಬರಿಯನ್ನಾಗಲಿ ಆ ಜನರನ್ನಾಗಲಿ ವಿವರಿಸಲು ಆಗುವುದಿಲ್ಲ. ಇಂಗ್ಲಿಷ್ ಪುಸ್ತಕಗಳು ಇದನ್ನು ‘ಆಸ್ತಿ ಹಂಚಿಬಿಡುವ ಹಬ್ಬ’ ಎಂದು ಹೇಳಿ ಓದುಗರನ್ನು ಗೊಂದಲಕ್ಕೆ ಹಾಕುತ್ತವೆ. ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ, ನಮಗೆ ಮುಯ್ಯಿ ಗೊತ್ತು. ಮದುವೆ ಮನೆಯ ಒಂದು ಮೂಲೆಯಲ್ಲಿ ಯಾರಾದರೊಬ್ಬರು ನೋಟ್‌ಬುಕ್ ಬಿಚ್ಚಿಕೊಂಡು ಕೂತು, ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಹೆಸರು ಸಹಿತ ಬರೆದುಕೊಳ್ಳುತ್ತಾರಲ್ಲ, ಆ ಪುಸ್ತಕವನ್ನು ನೆನಪಿಸಿಕೊಳ್ಳಿ. ಅದು ಬರಿಯ ಹಣದ ಲೆಕ್ಕವಲ್ಲ. ಯಾರು ನಮ್ಮವರು, ಯಾರ ಮನೆಗೆ ನಾವು ಹೋಗಲೇಬೇಕು, ಯಾರಿಗೆ ಎಷ್ಟು ತೀರಿಸುವುದು ಬಾಕಿ ಎನ್ನುವುದೆಲ್ಲ ಅದರಲ್ಲಿದೆ. ಮುಯ್ಯಿ ಹಾಕದೆ ಊಟ ಮಾಡಿಕೊಂಡು ಹೋದವನ ಬಗ್ಗೆ ಹತ್ತು ವರ್ಷ ಮಾತಾಡುತ್ತಾರೆ.

ಪಾಟ್ಲಾಚ್ ಇದೇ ಜಾತಿಯದು, ದಿಕ್ಕು ಮಾತ್ರ ಉಲ್ಟಾ. ಅಲ್ಲಿ ಕೊಡುವವನು ಆತಿಥೇಯ, ತೆಗೆದುಕೊಳ್ಳುವವರು ಅತಿಥಿಗಳು. ಮನೆತನದ ಯಜಮಾನ ತೀರಿಕೊಂಡ, ಮಗ ಅವನ ಹೆಸರನ್ನೂ ಹಕ್ಕನ್ನೂ ಹೊರಬೇಕು ಎಂದಿಟ್ಟುಕೊಳ್ಳಿ. ಕಾಗದ ಪತ್ರ, ನೋಂದಣಿ ಕಚೇರಿ ಯಾವುದೂ ಇಲ್ಲದ ಸಮಾಜದಲ್ಲಿ ಆ ಹಕ್ಕಿಗೆ ದಾಖಲೆ ಏನು? ಸಾಕ್ಷಿಗಳ ನೆನಪು. ಅದಕ್ಕೇ ಅಕ್ಕಪಕ್ಕದ ಬುಡಕಟ್ಟುಗಳನ್ನೆಲ್ಲ ಕರೆಯುತ್ತಾರೆ. ದೊಡ್ಡ ಮನೆಯಲ್ಲಿ ಬೆಂಕಿ ಹಾಕಿ, ಆ ಮನೆತನಕ್ಕೆ ಮಾತ್ರ ಹಕ್ಕಿರುವ ಹಾಡು ಹಾಡಿ, ಮುಖವಾಡ ಹಾಕಿ ಕುಣಿಯುತ್ತಾರೆ. ಹೊಸ ಹೆಸರನ್ನು ಎಲ್ಲರ ಮುಂದೆ ಸಾರುತ್ತಾರೆ. ಕೊನೆಯಲ್ಲಿ ಬಂದವರಿಗೆಲ್ಲ ಅವರವರ ಅಂತಸ್ತಿಗೆ ತಕ್ಕ ಹಾಗೆ ಕಂಬಳಿ, ದೋಣಿ, ಪಾತ್ರೆ, ಹಿಟ್ಟು ಹಂಚುತ್ತಾರೆ. ತೆಗೆದುಕೊಂಡವನು ‘ನಾನು ನೋಡಿದೆ, ಇದು ನಿಜ’ ಎಂದು ಒಪ್ಪಿದ ಹಾಗೆ. ನಾಳೆ ಅವನು ಪಾಟ್ಲಾಚ್ ಮಾಡಿದಾಗ ಇವರಿಗೂ ಕೊಡಬೇಕು, ಕೊಂಚ ಹೆಚ್ಚೇ ಕೊಡಬೇಕು. ಕೊಟ್ಟು ಬರಿಗೈ ಆದವನೇ ಅಲ್ಲಿ ದೊಡ್ಡವನು. ಕೂಡಿಟ್ಟುಕೊಂಡವನಿಗೆ ಬೆಲೆಯಿಲ್ಲ.

ಹೀಗೆ ಕೈಬದಲಾಗುವ ವಸ್ತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಾಮ್ರ. ಬಡಿದು ಗುರಾಣಿಯಂತೆ ಮಾಡಿದ ತಾಮ್ರದ ಹಲಗೆ. ಪ್ರತಿಯೊಂದಕ್ಕೂ ತನ್ನದೇ ಹೆಸರು, ತನ್ನದೇ ಚರಿತ್ರೆ. ಕೈಬದಲಾದಷ್ಟೂ ಅದರ ಮೌಲ್ಯ ಏರುತ್ತದೆ. ಅದನ್ನು ಹಣವೆಂದೂ ಕರೆಯಲಾಗದು, ಆಭರಣವೆಂದೂ ಕರೆಯಲಾಗದು. ಮನೆತನದ ಮಾನ ಎಂದರೆ ಹತ್ತಿರವಾದೀತು.

ಇದನ್ನು ಕಂಡ ಮಿಷನರಿಗಳಿಗೂ ಸರ್ಕಾರದ ಏಜೆಂಟರಿಗೂ ತಲೆ ಕೆಟ್ಟುಹೋಯಿತು. ವರ್ಷವಿಡೀ ದುಡಿದು ಒಂದು ವಾರದಲ್ಲಿ ಹಂಚಿಬಿಡುವ ಜನರನ್ನು ಹೇಗೆ ‘ನಾಗರಿಕ’ರನ್ನಾಗಿ ಮಾಡುವುದು? ಖಾಸಗಿ ಆಸ್ತಿ ಕೂಡಿಡುವ ಬುದ್ಧಿಯೇ ಇಲ್ಲದವರಿಗೆ ಇನ್ನೇನು ಕಲಿಸುವುದು? ಅವರ ಒತ್ತಾಯದ ಮೇಲೆ ಕೆನಡಾ ಸರ್ಕಾರ ಕಾಯ್ದೆ ತಿದ್ದಿತು. 1885ರ ಜನವರಿ 1ರಿಂದ ಪಾಟ್ಲಾಚ್ ಮಾಡುವುದು ಅಪರಾಧ, ಎರಡರಿಂದ ಆರು ತಿಂಗಳು ಜೈಲು. ಈ ನಿಷೇಧ ಹೋದದ್ದು 1951ರಲ್ಲಿ. ನಡುವೆ ಅರವತ್ತಾರು ವರ್ಷ. ಮದುವೆ, ನಾಮಕರಣ, ತಿಥಿ, ಆಸ್ತಿ ನೋಂದಣಿ ನಾಲ್ಕನ್ನೂ ಒಂದೇ ಕಾನೂನಿನಲ್ಲಿ ಬಂದ್ ಮಾಡಿದರೆ ಹೇಗಿರುತ್ತದೆ ಎಂದು ಊಹಿಸಿಕೊಂಡರೆ ಅದರ ಏಟು ಎಲ್ಲಿಗೆ ಬಿತ್ತೆಂದು ತಿಳಿದೀತು.

ಕಾನೂನು ಬಂದರೂ ಜನ ನಿಲ್ಲಿಸಲಿಲ್ಲ. ಚಳಿಗಾಲದ ಬಿರುಗಾಳಿಯಲ್ಲಿ ಪೊಲೀಸ್ ದೋಣಿ ಬರಲಾರದ ದ್ವೀಪಗಳನ್ನು ಹುಡುಕಿಕೊಂಡು ಹೋದರು. 1921ರ ಡಿಸೆಂಬರಿನಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬವರು ವಿಲೇಜ್ ಐಲ್ಯಾಂಡ್‌ನಲ್ಲಿ ನಡೆಸಿದ ಪಾಟ್ಲಾಚ್ ಆ ತೀರದ ಅತಿ ದೊಡ್ಡವುಗಳಲ್ಲಿ ಒಂದು. ಹಂಚಿದ್ದರಲ್ಲಿ ದೋಣಿಗಳಿದ್ದವು, ಹೊಲಿಗೆ ಯಂತ್ರಗಳಿದ್ದವು, ಗ್ರಾಮೋಫೋನ್‌ಗಳಿದ್ದವು, ಬಿಲಿಯರ್ಡ್ಸ್ ಮೇಜುಗಳೂ ಇದ್ದವು. (ಕಾಡಿನ ದ್ವೀಪಕ್ಕೆ ಬಿಲಿಯರ್ಡ್ಸ್ ಮೇಜನ್ನು ದೋಣಿಯಲ್ಲಿ ಹೇಗೆ ಸಾಗಿಸಿದರೋ, ನನಗಂತೂ ಆ ದೃಶ್ಯ ಕಣ್ಣಿನಿಂದ ಹೋಗುವುದೇ ಇಲ್ಲ.) ಸುದ್ದಿ ‘ಇಂಡಿಯನ್ ಏಜೆಂಟ್’, ಅಂದರೆ ಮೂಲನಿವಾಸಿಗಳ ಮೇಲೆ ಸರ್ಕಾರ ಇಟ್ಟಿದ್ದ ಅಧಿಕಾರಿ, ವಿಲಿಯಂ ಹ್ಯಾಲಿಡೇ ಕಿವಿಗೆ ಬಿತ್ತು. 45 ಜನರ ಮೇಲೆ ಮೊಕದ್ದಮೆ ಹೂಡಿದರು. ಆಮೇಲೆ ಒಂದು ಚೌಕಾಸಿ: ನಿಮ್ಮ ಹಳ್ಳಿಯ ಮುಖವಾಡ, ತಾಮ್ರ, ಕುಣಿತದ ಸಾಮಗ್ರಿ ಎಲ್ಲ ತಂದೊಪ್ಪಿಸಿದರೆ ಜೈಲಿಲ್ಲ. ಕೆಲವರು ಒಪ್ಪಿಸಿದರು. ಒಪ್ಪದವರು ವ್ಯಾಂಕೂವರ್ ಹತ್ತಿರದ ಓಕಲ್ಲಾ ಜೈಲಿಗೆ ಹೋದರು, ಹೆಂಗಸರೂ ಸೇರಿ. ವಶಪಡಿಸಿಕೊಂಡ ಸಾಮಗ್ರಿ ಒಟ್ಟಾವಾ, ಟೊರಾಂಟೊ ಮ್ಯೂಸಿಯಂಗಳಿಗೆ ಹೋಯಿತು. ಒಂದಷ್ಟು ನ್ಯೂಯಾರ್ಕಿನ ಸಂಗ್ರಾಹಕನ ಪಾಲಾಯಿತು.

ಈಗ ಕಾದಂಬರಿಗೆ ಬನ್ನಿ. ಅದರಲ್ಲಿ ಕೀಟಾ ಎಂಬ ಹುಡುಗಿಯ ಅಕ್ಕನನ್ನು ಮದುವೆಯಾಗುತ್ತೇನೆಂದು ಒಬ್ಬ ಬಿಳಿಯ ಬರುತ್ತಾನೆ. ಕುಡಿದ ಅಮಲಿನಲ್ಲಿದ್ದ ಮನೆಯವನೊಬ್ಬನಿಂದ ಮನೆತನದ ದೊಡ್ಡ ಮುಖವಾಡವನ್ನು ಪುಡಿಗಾಸಿಗೆ ಕೊಂಡು, ಹುಡುಗಿಯನ್ನೂ ಕರೆದುಕೊಂಡು ಹೋಗುತ್ತಾನೆ. ಪಟ್ಟಣದಲ್ಲಿ ಅವಳ ಕೈಬಿಡುತ್ತಾನೆ, ಅವಳು ಅಲ್ಲೇ ಸತ್ತುಹೋಗುತ್ತಾಳೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಇದು ಒಬ್ಬ ವಂಚಕನ ಕತೆ. ಗೊತ್ತಿದ್ದವರಿಗೆ, ಊರಿನವರು ಮುಖವಾಡಕ್ಕಾಗಿ ಅಷ್ಟೇಕೆ ನಾಚಿಕೆಯಿಂದ ಕುಗ್ಗಿದರು ಎಂಬುದು ಹೊಳೆಯುತ್ತದೆ. 1921ರ ಪಾಟ್ಲಾಚ್ ಆದ ಮೇಲೆ ಸರ್ಕಾರ ಕಿತ್ತುಕೊಂಡದ್ದನ್ನು ಈಗ ತಮ್ಮವನೇ ಮಾರಿಬಿಟ್ಟ. ಆದರೆ 1921ರ ಕತೆ ಕಾದಂಬರಿಯ ಒಳಗೆ ಬರುವುದಿಲ್ಲ. ಹೆಸರಿನಲ್ಲೇ ಗೂಬೆ ಇದ್ದರೂ ಲೇಖಕಿ ಯಾರ ಮೇಲೂ ಗೂಬೆ ಕೂರಿಸುವುದಿಲ್ಲ. ಸಭೆಯ ಮೇಲಂತೂ ಇಲ್ಲವೇ ಇಲ್ಲ. ಇದು ಅವರ ಸೌಜನ್ಯವೂ ಹೌದು, ಪುಸ್ತಕದ ದೊಡ್ಡ ಕೊರತೆಯೂ ಹೌದು ಎಂದು ನನ್ನ ಅನಿಸಿಕೆ.

ಆ ಕೊರತೆ ಎದ್ದು ಕಾಣುವುದು ಶಾಲೆಯ ವಿಷಯದಲ್ಲಿ. ಕಾದಂಬರಿಯಲ್ಲಿ ಬೇಸಿಗೆ ಮುಗಿಯುತ್ತಿದ್ದಂತೆ ದೊಡ್ಡ ಮಕ್ಕಳು ದೋಣಿ ಹತ್ತಿ ಆಲರ್ಟ್ ಬೇ ಊರಿನ ವಸತಿ ಶಾಲೆಗೆ ಹೊರಡುತ್ತಾರೆ, ಊರು ಮೌನವಾಗುತ್ತದೆ, ತಾಯಂದಿರು ದಂಡೆಯಲ್ಲಿ ನಿಲ್ಲುತ್ತಾರೆ. ಅಷ್ಟೇ. ಆ ಶಾಲೆ ನಿಜವಾದದ್ದು, ಹೆಸರು ಸೇಂಟ್ ಮೈಕಲ್ಸ್. ಇಟ್ಟಿಗೆಯ ದೊಡ್ಡ ಕಟ್ಟಡ ಶುರುವಾದದ್ದು 1929ರಲ್ಲಿ. ನಡೆಸುತ್ತಿದ್ದದ್ದು ಮಾರ್ಕ್‌ನದೇ ಆಂಗ್ಲಿಕನ್ ಸಭೆ, ದುಡ್ಡು ಸರ್ಕಾರದ್ದು. ಕ್ವಾಕ್‌ವಾಲ ಮಾತಾಡಿದರೆ ಅಲ್ಲಿ ಶಿಕ್ಷೆ. ಕೆನಡಾದಾದ್ಯಂತ ಇಂಥ ಶಾಲೆಗಳಲ್ಲಿ ಕಲಿತ ಮೂಲನಿವಾಸಿ ಮಕ್ಕಳು ಸುಮಾರು 1,50,000. ಹಸಿವು, ಕಾಯಿಲೆ, ಹೊಡೆತ, ಲೈಂಗಿಕ ದೌರ್ಜನ್ಯ, ಹೆಸರಿಲ್ಲದ ಗೋರಿಗಳು, ಇವೆಲ್ಲ 2008ರಿಂದ 2015ರವರೆಗೆ ನಡೆದ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ಅಲ್ಲಿದ್ದವರ ಬಾಯಿಂದಲೇ ಬಂದವು. 1993ರ ಆಗಸ್ಟಿನಲ್ಲಿ ಆಂಗ್ಲಿಕನ್ ಸಭೆಯ ಮುಖ್ಯಸ್ಥ ಮೈಕಲ್ ಪಿಯರ್ಸ್ ಸಭೆಯ ಪರವಾಗಿ ಕ್ಷಮೆ ಕೇಳಿದ್ದರು. ಸೇಂಟ್ ಮೈಕಲ್ಸ್ ಕಟ್ಟಡವನ್ನು 2015ರ ಫೆಬ್ರವರಿಯಲ್ಲಿ ಕೆಡವಿದರು. ಅಂದು ಅಲ್ಲಿ ಸೇರಿದ್ದವರಲ್ಲಿ ಅನೇಕರು ಅದೇ ಶಾಲೆಯಲ್ಲಿ ಬೆಳೆದ ಮುದುಕರು, ಮುದುಕಿಯರು. ಕಟ್ಟಡಕ್ಕೆ ಕಲ್ಲು ಹೊಡೆಯಲು ಅವರಿಗೆ ಅವಕಾಶ ಮಾಡಿಕೊಟ್ಟಿದ್ದರು.

ಕ್ರೇವನ್ ಅವರಿಗೆ ಇದೆಲ್ಲ ಗೊತ್ತಿತ್ತೇ ಎಂದು ಕೇಳುವವರಿದ್ದಾರೆ. 1960ರ ದಶಕದಲ್ಲಿ ಈ ಮಾತುಗಳು ಮನೆಗಳ ಒಳಗೇ ಉಳಿದಿದ್ದವು. ಹೊರಗಿನಿಂದ ಬಂದು ಕೆಲವು ವಾರ ಇದ್ದವರ ಮುಂದೆ ಯಾರು ತಾನೇ ಬಿಚ್ಚಿಡುತ್ತಾರೆ? ಕಾದಂಬರಿಯ ಎರಡನೆಯ ಭಾಗಕ್ಕೆ ಲೇಖಕಿ ‘ದುಃಖದ ಆಳ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಆ ಜನರ ಕಣ್ಣಲ್ಲಿ ಅಷ್ಟು ದುಃಖ ಏಕೆ ಎಂದು ಮಾರ್ಕ್ ಮತ್ತೆ ಮತ್ತೆ ತಡಕಾಡುತ್ತಾನೆ. ಕಣ್ಣಿನ ದುಃಖ ಲೇಖಕಿ ಕಂಡಿದ್ದರು, ಕಾರಣಗಳಲ್ಲಿ ಅರ್ಧ ಮಾತ್ರ ಅವರ ಕೈಗೆ ಸಿಕ್ಕಿತು.

ಆದರೂ ಇದು ಪಾದ್ರಿಯನ್ನು ಹೊಗಳುವ ಪುಸ್ತಕ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದರಲ್ಲಿ ನಗುವಿದೆ, ಆ ನಗು ಹೊರಗಿನವರ ಮೇಲೆ. ಇಂಗ್ಲೆಂಡಿನಿಂದ ಒಬ್ಬ ಮಾನವಶಾಸ್ತ್ರಜ್ಞೆ ಊರಿಗೆ ಬರುತ್ತಾಳೆ. ಈ ಜನರ ಹೆಸರು ‘ಕ್ವಾಕಡೂಡಲ್ಸ್’ ಎಂದು ಅವಳ ಪಟ್ಟು. ಅಲ್ಲ ತಾಯೀ, ಕ್ವಾಕಿಯುಟಲ್ ಎಂದು ಮಾರ್ಕ್ ತಿದ್ದಲು ಹೋದರೆ, ಇಂಗ್ಲೆಂಡಿನಲ್ಲಿ ನೂರು ವರ್ಷದಿಂದ ಹೀಗೇ ಕರೆಯುತ್ತೇವೆ, ಇನ್ನು ಮುಂದೆಯೂ ಹೀಗೇ ಎಂದು ಅವಳು ತೀರ್ಪು ಕೊಟ್ಟುಬಿಡುತ್ತಾಳೆ. ಪಕ್ಕದಲ್ಲೇ ಆ ಜನ ನಿಂತಿದ್ದಾರೆ, ಅವರನ್ನು ಕೇಳಬೇಕೆಂದು ಅವಳಿಗೆ ಹೊಳೆಯುವುದಿಲ್ಲ. ಇನ್ನೂ ಮಜಾ ಏನೆಂದರೆ ಮಾರ್ಕ್ ಹೇಳಿದ ಹೆಸರೂ ತಪ್ಪೇ. ಕ್ವಾಕಿಯುಟಲ್ ಎನ್ನುವುದು ಫೋರ್ಟ್ ರೂಪರ್ಟ್‌ನ ಒಂದು ಬುಡಕಟ್ಟಿನ ಹೆಸರಿನ ಅಪಭ್ರಂಶ. ಫ್ರಾಂಜ್ ಬೋವಾಸ್‌ನಂಥ ಮಾನವಶಾಸ್ತ್ರಜ್ಞರ ಬರವಣಿಗೆಯಿಂದ ಅದು ಎಲ್ಲರಿಗೂ ಅಂಟಿಕೊಂಡಿತು. ತಮ್ಮನ್ನು ಕ್ವಾಕ್‌ವಕ್ಯವಕ್ ಎನ್ನಿ ಎಂದು ಅವರೇ ಹೇಳಿ ಅದು ಪುಸ್ತಕಗಳಿಗೆ ಬರುವ ಹೊತ್ತಿಗೆ ಕಾದಂಬರಿ ಅಚ್ಚಾಗಿ ವರ್ಷಗಳೇ ಕಳೆದಿದ್ದವು. ಲೇಖಕಿಯ ವ್ಯಂಗ್ಯ ತಿರುಗಿ ಅವರ ಕಡೆಗೇ ಬಂತು.

ಪಾದ್ರಿ ಮತ್ತು ಭಾಷೆಯ ಸಂಬಂಧ ಯಾವತ್ತೂ ಹೀಗೆ ಇಬ್ಬಗೆಯದೇ. ಈ ಜನರ ನಡುವೆ 1878ರಲ್ಲಿ ಬಂದ ಮೊದಲ ಆಂಗ್ಲಿಕನ್ ಮಿಷನರಿ ಆಲ್ಫ್ರೆಡ್ ಹಾಲ್ ಕ್ವಾಕ್‌ವಾಲ ಕಲಿತು, ಅದಕ್ಕೆ ವ್ಯಾಕರಣ ಬರೆದು, ಸುವಾರ್ತೆಗಳನ್ನು ಅದರಲ್ಲಿ ಅಚ್ಚು ಹಾಕಿಸಿದರು. ಅದೇ ಕಾಲಕ್ಕೆ ಮಂಗಳೂರು, ಧಾರವಾಡದ ಕಡೆ ಕಿಟ್ಟೆಲ್ ಕನ್ನಡ ನಿಘಂಟಿನ ಪದ ಹೆಕ್ಕುತ್ತಿದ್ದರು, 1894ರಲ್ಲಿ ಅದು ಹೊರಬಂತು. ಕನ್ನಡಕ್ಕೆ ಕಿಟ್ಟೆಲ್ ಕೊಟ್ಟದ್ದು ಉಳಿಯಿತು, ಏಕೆಂದರೆ ಕನ್ನಡವನ್ನು ಮಕ್ಕಳ ಬಾಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಕ್ವಾಕ್‌ವಾಲದ ವಿಷಯದಲ್ಲಿ ಒಂದು ತಲೆಮಾರಿನ ಪಾದ್ರಿ ವ್ಯಾಕರಣ ಬರೆದರು, ಮುಂದಿನ ತಲೆಮಾರಿನ ಶಾಲೆ ಆ ಭಾಷೆಯಾಡಿದ ಮಕ್ಕಳನ್ನು ಶಿಕ್ಷಿಸಿತು.

ಕ್ರೇವನ್ ಅವರ ಶಕ್ತಿ ಚರಿತ್ರೆಯಲ್ಲಿಲ್ಲ, ಮೀನಿನಲ್ಲಿದೆ. ಹಾಗೆಂದರೆ ನಗಬೇಡಿ. ಆ ಊರಿನ ವರ್ಷವನ್ನು ಅಳೆಯುವುದೇ ಮೀನಿನಿಂದ. ಚಳಿ ಇಳಿಯುವ ಹೊತ್ತಿಗೆ ಊಲಿಕನ್ ಎಂಬ ಗೇಣುದ್ದಕ್ಕಿಂತ ಸ್ವಲ್ಪ ಚಿಕ್ಕ ಬೆಳ್ಳಿ ಮೀನು ಹಿಂಡು ಹಿಂಡಾಗಿ ನದಿ ಏರುತ್ತದೆ. ಜಾವಡೇನುಖ್ ಎಂಬ ಹೆಸರೇ ಈ ಮೀನಿನ ನಾಡಿನವರು ಎಂಬ ಅರ್ಥದ್ದು. ಮೈಯಲ್ಲಿ ಎಷ್ಟು ಕೊಬ್ಬೆಂದರೆ ಒಣಗಿಸಿ ತುದಿಗೆ ಬೆಂಕಿ ಮುಟ್ಟಿಸಿದರೆ ಬತ್ತಿಯಂತೆ ಉರಿಯುತ್ತದೆ. ಹಿಡಿದ ಮೀನನ್ನು ಗುಂಡಿಗಳಲ್ಲಿ ಸುರಿದು ದಿನಗಟ್ಟಲೆ ಹಾಗೇ ಬಿಡುತ್ತಾರೆ. ಹದವಾಗಿ ಕೊಳೆತ ಮೇಲೆ ದೊಡ್ಡ ತೊಟ್ಟಿಗಳಲ್ಲಿ ನೀರಿಗೆ ಹಾಕಿ ಬಿಸಿ ಮಾಡಿದರೆ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬಾಚಿ ಸೋಸಿ ತುಂಬಿಡುತ್ತಾರೆ. ತಣ್ಣಗಾದರೆ ಬೆಣ್ಣೆಯಂತೆ ಗಟ್ಟಿ. ಒಣಮೀನಿಗೆ, ಆಲೂಗಡ್ಡೆಗೆ, ಹಣ್ಣಿಗೆ, ಕೆಮ್ಮಿಗೆ, ಎಲ್ಲಕ್ಕೂ ಅದೇ. ಹಿಂದೆ ಬೆಟ್ಟ ದಾಟಿ ಒಳನಾಡಿನ ಜನರೊಂದಿಗೆ ಇದರ ವ್ಯಾಪಾರ ನಡೆಯುತ್ತಿತ್ತು. ವಾಸನೆ ಮಾತ್ರ ಹೊಸಬರಿಗೆ ತಡೆಯುವುದಲ್ಲ. ನಮ್ಮ ಕರಾವಳಿಯ ಒಣಮೀನಿನ ಚಪ್ಪರದ ಕೆಳಗೆ ನಡೆದು ಅಭ್ಯಾಸವಿದ್ದವರು ಬಹುಶಃ ತಾಳಿಕೊಂಡಾರು. ಪಾಟ್ಲಾಚ್‌ಗಳಲ್ಲಿ ಈ ಎಣ್ಣೆಯೇ ದೊಡ್ಡ ಕಾಣಿಕೆ. ಎಣ್ಣೆ ಹಂಚಿದವನ ಮರ್ಯಾದೆಯೇ ಬೇರೆ.

ಬೇಸಿಗೆಯಿಂದ ಮುಂದೆ ಸಾಲ್ಮನ್. ಪೆಸಿಫಿಕ್ ಸಾಲ್ಮನ್ ಹುಟ್ಟುವುದು ಸಿಹಿನೀರಿನ ತೊರೆಯಲ್ಲಿ, ಬೆಳೆಯುವುದು ಸಮುದ್ರದಲ್ಲಿ. ವರ್ಷಗಳ ನಂತರ ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಬರುತ್ತದೆ. ನದಿಗೆ ಬಂದ ಮೇಲೆ ತಿನ್ನುವುದಿಲ್ಲ. ಕಲ್ಲಿಗೆ ಬಡಿದು ಮೈ ಹರಿಯುತ್ತದೆ, ಬಣ್ಣ ಕೆಡುತ್ತದೆ. ಮೊಟ್ಟೆಯಿಟ್ಟು ಸಾಯುತ್ತದೆ. ಕಾದಂಬರಿಯ ಜನ ಅದನ್ನು ಮೀನು ಎನ್ನದೆ ‘ಈಜುಗ’ ಎಂದು ಗೌರವದಿಂದ ಕರೆಯುತ್ತಾರೆ. ಒಂದು ದಿನ ಮಾರ್ಕ್‌ನೂ ಕೀಟಾಳೂ ತೊರೆಯ ದಂಡೆಯಲ್ಲಿ ನಿಂತು ಮೊಟ್ಟೆಯಿಟ್ಟ ಸಾಲ್ಮನ್ ಬಾಲ ಮುಂದಾಗಿ ಹೊಳೆಯಲ್ಲಿ ತೇಲಿಹೋಗುವುದನ್ನು ನೋಡುತ್ತಾರೆ. ಹುಡುಗಿಯ ಕಣ್ಣು ತುಂಬುತ್ತದೆ. ಇದರಲ್ಲಿ ಅಳುವಂಥದ್ದೇನಿಲ್ಲ, ಯಾವುದಕ್ಕಾಗಿ ಹುಟ್ಟಿತೋ ಅದಕ್ಕೆ ತನ್ನನ್ನು ಪೂರ್ತಿ ಸವೆಸಿಕೊಂಡಿತು ಎಂಬ ಅರ್ಥದ ಮಾತನ್ನು ಮಾರ್ಕ್ ಆಡುತ್ತಾನೆ. ತನ್ನ ಬಗ್ಗೆಯೇ ಆಡುತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ, ಓದುವ ನಮಗೆ ಗೊತ್ತು. ಇಡೀ ಪುಸ್ತಕದ ಯಂತ್ರ ಓಡುವುದು ಈ ಒಂದು ಕೀಲಿಯ ಮೇಲೆ.

ಗೂಬೆ ಕೂಗುವುದು ಕೊನೆಯ ಭಾಗದಲ್ಲಿ. ಮಾರ್ಕ್ ಬಡಕಲಾಗಿದ್ದಾನೆ, ದಣಿದಿದ್ದಾನೆ. ಕೇಳಿದ್ದನ್ನು ಹೋಗಿ ಊರಿನ ಮಾರ್ತಾ ಅಜ್ಜಿಗೆ ಹೇಳುತ್ತಾನೆ. ಬಿಷಪ್ ಎರಡು ವರ್ಷ ಮುಚ್ಚಿಟ್ಟದ್ದನ್ನು ಅಜ್ಜಿ ಎಂದೋ ಅವನ ಮುಖದಲ್ಲಿ ಓದಿಕೊಂಡಿದ್ದಾಳೆ. ಅವಳು ಸಮಾಧಾನದ ಮಾತಾಡುವುದಿಲ್ಲ, ಮೂಢನಂಬಿಕೆ ಎಂದು ತಳ್ಳಿಹಾಕುವುದಿಲ್ಲ, ಹೌದು ಮಗನೇ ಎನ್ನುತ್ತಾಳೆ. ವೈದ್ಯಶಾಸ್ತ್ರದ ಸತ್ಯವನ್ನು ಸಭೆ ಬಚ್ಚಿಟ್ಟಿತು, ಹಳ್ಳಿಯ ನಂಬಿಕೆ ಹೇಳಿತು. ಪಾದ್ರಿ ಆ ಹೊತ್ತಿಗೆ ತನ್ನ ಸಾವನ್ನು ಊರಿನ ಭಾಷೆಯಲ್ಲಿ ಕೇಳಿಸಿಕೊಳ್ಳುವಷ್ಟು ಊರಿನವನಾಗಿದ್ದ. ಇಲ್ಲೇ ಇರು ಎಂದು ಊರು ಅವನನ್ನು ಕೇಳಿಕೊಳ್ಳುತ್ತದೆ. ಅವನು ಉಳಿಯುತ್ತಾನೆ. ಆದರೆ ಕಾಯಿಲೆ ಅವನನ್ನು ಕೊಲ್ಲುವುದಿಲ್ಲ. ಕೊಲ್ಲಿಯಲ್ಲಿ ದೋಣಿಯ ಮೇಲೆ ಬೆಟ್ಟ ಜರಿದು ಬಿದ್ದು ಸಾಯುತ್ತಾನೆ. ವೈದ್ಯನ ಲೆಕ್ಕ ತಪ್ಪಿತು, ಗೂಬೆಯದು ತಪ್ಪಲಿಲ್ಲ. ಅವನನ್ನು ಹೂಳಿದ ರಾತ್ರಿ ಮರಗೆತ್ತನೆಯ ಮುದುಕ ಪೀಟರ್, ಸತ್ತವನ ಆತ್ಮ ತಾನು ಪ್ರೀತಿಸಿದ ಊರಿಗೆ ಮರಳುತ್ತದೆಂಬ ಹಳೆಯ ನಂಬಿಕೆಯಂತೆ, ಬಂದರೆ ಮಾತಾಡಿಸುವವರು ಬೇಕಲ್ಲ ಎಂದು ಬಟ್ಟೆ ಹಾಕಿಕೊಂಡು ಮೆಟ್ಟಿಲ ಮೇಲೆ ಕಾಯುತ್ತ ಕೂರುತ್ತಾನೆ.

ಕಾದಂಬರಿಯಲ್ಲಿ ಇನ್ನೊಂದು ಸಾವಿನ ಭವಿಷ್ಯವೂ ಇದೆ, ಅದು ಹಳ್ಳಿಯದು. ಹುಡುಗರು ಓದಲು ಪಟ್ಟಣಕ್ಕೆ ಹೋಗುತ್ತಾರೆ, ಗೋರ್ಡನ್ ಎಂಬ ಹುಡುಗನಂಥವರು ಮರಳುವುದಿಲ್ಲ, ಮುದುಕರು ಒಬ್ಬೊಬ್ಬರಾಗಿ ಹೋಗುತ್ತಾರೆ, ಇನ್ನು ಕೆಲವೇ ವರ್ಷ ಎಂಬ ವಿಷಾದ ಪುಸ್ತಕದುದ್ದಕ್ಕೂ ಹೊಗೆಯಂತೆ ಹರಡಿದೆ. ಮೂಲನಿವಾಸಿಗಳು ಅಳಿದುಹೋಗುವವರು, ಅಳಿಯುವ ಮುಂಚೆ ಅವರನ್ನು ಬರೆದಿಟ್ಟುಕೊಳ್ಳೋಣ ಎಂಬುದು ಆ ಕಾಲದ ಅನೇಕ ಬಿಳಿಯ ಲೇಖಕರ ಧಾಟಿ. ಇಂದಿನ ವಿಮರ್ಶಕರು ಕ್ರೇವನ್ ಅವರನ್ನು ಹಿಡಿದು ಕೇಳುವುದೂ ಇದನ್ನೇ, ನನಗೂ ಅದು ಸರಿಯೆನಿಸುತ್ತದೆ. ಈ ಭವಿಷ್ಯ ನಿಜವಾಗಲಿಲ್ಲ. ಕಿಂಗ್‌ಕಮ್ ಇಂದಿಗೂ ಇದೆ. 2010ರ ಸೆಪ್ಟೆಂಬರಿನಲ್ಲಿ ನದಿ ಉಕ್ಕಿ ಹೆಲಿಕಾಪ್ಟರಿನಲ್ಲಿ ಊರು ಖಾಲಿ ಮಾಡಿಸಬೇಕಾಯಿತು, ಜನ ವಾಪಸು ಬಂದರು. ಮ್ಯೂಸಿಯಂಗಳ ಜೊತೆ ವರ್ಷಗಟ್ಟಲೆ ಹೋರಾಡಿ 1921ರ ಸಾಮಗ್ರಿಯ ದೊಡ್ಡ ಪಾಲನ್ನು ಮರಳಿ ಪಡೆದರು. ಅದನ್ನಿಡಲು 1979ರಲ್ಲಿ ಕೇಪ್ ಮಜ್‌ನಲ್ಲಿ, 1980ರಲ್ಲಿ ಆಲರ್ಟ್ ಬೇಯಲ್ಲಿ ತಮ್ಮದೇ ಮ್ಯೂಸಿಯಂ ಕಟ್ಟಿಕೊಂಡರು. ಆಲರ್ಟ್ ಬೇಯದರ ಹೆಸರು ಊಮಿಸ್ತ. ಹಿಂದೆ ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಡಿಸಿ ಮನೆಗೆ ಕರೆತಂದರೆ ಅದಕ್ಕೆ ಊಮಿಸ್ತ ಎನ್ನುತ್ತಿದ್ದರಂತೆ. ಅದರ ಪಕ್ಕದಲ್ಲೇ, ಕೆಡವುವವರೆಗೂ, ಸೇಂಟ್ ಮೈಕಲ್ಸ್ ಶಾಲೆಯ ಇಟ್ಟಿಗೆ ಕಟ್ಟಡ ನಿಂತಿತ್ತು.

ಮಾರ್ಕ್‌ನ ದೋಣಿ ಮತ್ತೆ ಮತ್ತೆ ಹಾದುಹೋಗುವ ಆ ಕೊಲ್ಲಿಯ ಬಂಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳಿವೆ. ಒಂದು ಕಡೆ ಸಾಲಾಗಿ ತಾಮ್ರದ ಹಲಗೆಗಳು, ಪಕ್ಕದಲ್ಲಿ ದನಗಳು. 1920ರ ದಶಕದಲ್ಲಿ, ನಿಷೇಧ ಬಿಗಿಯಾಗಿದ್ದಾಗಲೇ, ಪಾಟ್ಲಾಚ್ ಒಂದರಲ್ಲಿ ಏನೇನು ಕೊಟ್ಟೆವು ಎಂದು ಬರೆದಿಟ್ಟ ಲೆಕ್ಕ ಅದು. ಪೊಲೀಸ್ ದೋಣಿಯೂ ಪಾದ್ರಿಯ ದೋಣಿಯೂ ಅದರ ಕೆಳಗೇ ಹಾದುಹೋಗಬೇಕು. 1998ರಲ್ಲಿ ಆ ಊರಿನದೇ ಕಲಾವಿದೆ ಮರಿಯಾನ್ ನಿಕಲ್ಸನ್ ಅದೇ ಕೊಲ್ಲಿಯ ಕಡಿದಾದ ಬಂಡೆಯ ಮೇಲೆ, ದೂರದಿಂದಲೇ ಕಾಣುವಷ್ಟು ದೊಡ್ಡದಾಗಿ, ಅದೇ ಕೆಂಪಿನಲ್ಲಿ ಇನ್ನೊಂದು ತಾಮ್ರ ಬರೆದರು.